ಕಾದವಳ ಹೆಸರು

ಬಿಳಿಚೋಡಿನ ಆ ಮನೆಯಲ್ಲಿ ತಲೆಮಾರಿಗೊಬ್ಬಳು ಅಜ್ಜಮ್ಮ ಇರಲೇಬೇಕು. ಮೊದಲ ಅಜ್ಜಮ್ಮನ ಗಂಡ ಮರುಳಪ್ಪ, ಬರಗಾಲದಲ್ಲಿ ಹೆಂಡತಿಯನ್ನೂ ಹಸುಗೂಸನ್ನೂ ಬಿಟ್ಟು ಪಾಂಡಿಚೇರಿಯಲ್ಲಿ ಹಡಗು ಹತ್ತಿ, ಫ್ರೆಂಚರ ಕಬ್ಬಿನ ತೋಟಕ್ಕೆ ಕೂಲಿಗೆ ಹೋದವನು ಮರಳಲಿಲ್ಲ. ಅವಳು ಹಣೆಯ ಕುಂಕುಮ ಅಳಿಸದೆ ಸಾಯುವ ತನಕ ಕಾದಳಂತೆ. ಅದಕ್ಕೇ ಮನೆಯ ಹೆಣ್ಣುಮಗುವಿಗೆ ಅವಳ ಹೆಸರು. ಕಾಯಿಸಿದವನನ್ನು ಮಾತ್ರ ಯಾರೂ ಒಂದು ಮಾತು ಅನ್ನಲಿಲ್ಲ.

ಈಗಿನ ಅಜ್ಜಮ್ಮನಿಗೆ ನಲವತ್ತು ದಾಟಿದೆ. ಅವಳ ಗಂಡ ನ್ಯಾಮತಿಯ ಮನೆಯಿಂದ ಅವಳನ್ನು ತವರಿಗೆ ಅಟ್ಟಿ, ಹೊನ್ನಾಳಿಯಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ಇವಳು ಡೈವೋರ್ಸ್ ಎಂದಾಗಲೆಲ್ಲ ತಮ್ಮ ಪ್ರವೀಣ್ ಕುಮಾರನದು ಒಂದೇ ರಾಗ.

"ಆ ಹೆಸರಿಟ್ಕೊಂಡು ಇಂಥಾ ಮಾತಾಡ್ತೀಯಾ ಅಕ್ಕಾ? ಬರ್ತಾನೆ, ಕಾಯಿ."

ಕಾದಳು. ಅವನು ಬರಲಿಲ್ಲ, ಇವಳ ತಲೆ ನರೆಯಿತು.

ಪ್ರವೀಣನಿಗೆ ತಡವಾಗಿ ಒಂದು ಹೆಣ್ಣು ಹುಟ್ಟಿತು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನವೇ ಮರುಳಪ್ಪ ಕೂಲಿಗೆ ಹೋಗಿದ್ದ ರೀಯೂನಿಯನ್ ದ್ವೀಪದಿಂದ ನೆಂಟಳೊಬ್ಬಳು ಬಂದಿಳಿದಳು. ಹೆಸರು ಮರಿಯಾನ್ ಅಜ್ಜಮ್ಮ ಮರುಳಪ್ಪ. ಕೂಲಿಗೆ ಬಂದವನ ಹೆಸರನ್ನೇ ಫ್ರೆಂಚರು ಮನೆತನದ ಹೆಸರು ಮಾಡಿಬಿಟ್ಟಿದ್ದರಿಂದ ಅಲ್ಲಿ ಗಂಡೂ ಮರುಳಪ್ಪ, ಹೆಣ್ಣೂ ಮರುಳಪ್ಪ. ಆ ಹೆಸರನ್ನೂ ಊರನ್ನೂ ಹಿಡಿದು ವರ್ಷಗಟ್ಟಲೆ ಹುಡುಕಿ ಅವಳು ಈ ಮನೆ ಪತ್ತೆ ಮಾಡಿದ್ದಳು. ತನ್ನ ಹೆಸರಿನ ನಡುವೆ ‘ಅಜ್ಜಮ್ಮ’ ಹೇಗೆ ಬಂತೆಂದು ಇಂಗ್ಲಿಷಿನಲ್ಲಿ ಖುಷಿಯಿಂದ ಹೇಳಿದಳು. ಪ್ರವೀಣ ಅದನ್ನು ಎಲ್ಲರಿಗೂ ಕನ್ನಡದಲ್ಲಿ ತಿಳಿಸಿದ.

"ಹಡಗಿಳಿದ ವರ್ಷಾನೇ ಮರುಳಪ್ಪ ಅಲ್ಲೊಂದು ಮದುವೆ ಆದ್ನಂತೆ. ಮೊದಲನೇ ಮಗಳಿಗೆ ಅಜ್ಜಮ್ಮ ಅಂತಾನೇ ಹೆಸರಿಟ್ನಂತೆ! ಅವಾಗಿಂದ ಅವರ ಮನೇಲೂ ಹಿರೇ ಮಗಳಿಗೆ ಅದೇ ಹೆಸರು. ನೋಡ್ರಿ, ನಮ್ಮಜ್ಜ ಮರೀಲಿಲ್ಲ!"

ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಜ್ಜಮ್ಮನ ಕಣ್ಣು ಮಾತ್ರ ಒದ್ದೆಯಾಗಲಿಲ್ಲ. ಇಲ್ಲೊಬ್ಬಳು ಬಾಗಿಲು ನೋಡುತ್ತ ಮುದುಕಿಯಾಗುವಾಗ, ಅಲ್ಲಿ ಅವಳ ಹೆಸರಿಟ್ಟು ಇನ್ನೊಬ್ಬಳ ಕೂಸನ್ನು ಆಡಿಸಿದ ಮಹಾನುಭಾವ!

ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅಜ್ಜಮ್ಮ ತೊಟ್ಟಿಲ ಮೇಲೆ ಬಾಗಿದಳು. ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿಯಾದ್ದರಿಂದ ಹೆಂಗಸರು ನಗುತ್ತ ಕೈ ಎತ್ತಿ ನಿಂತರು.

"ಚೈತ್ರಾ," ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಒಂದು ಗುದ್ದೂ ಬೀಳಲಿಲ್ಲ.

"ಏನಕ್ಕಾ ಇದು? ನಮ್ಮ ಮನೆ ಹೆಸರಿಗೇನಾಗೈತೆ?" ಎಂದ ಪ್ರವೀಣ.

"ನನಗೇನಾಗೈತೋ ಅದೇ ಆಗೈತೆ. ಈ ಕೂಸು ಯಾರಿಗೂ ಕಾಯೋದು ಬ್ಯಾಡ."

ಪ್ರವೀಣ ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದ. "ಗಂಡನ ಮನೇಲಿ ಬಾಳಾಕೆ ಆಗದೋಳು ನನ್ನ ಮಗಳಿಗೆ ಹೆಸರಿಡಾಕೆ ಬಂದ್ಳು! ಮರಿಯಾನ್ ಅವರೂ ನಮ್ಮ ಮನೆ ಹೆಣ್ಣುಮಗಳೇ, ಇವರೇ ಇಡಲಿ."

ನಡೆದದ್ದೇನೆಂದು ಮರಿಯಾನಳಿಗೆ ತಿಳಿಯಲಿಲ್ಲ. ತನಗೆ ಸಿಕ್ಕ ಮರ್ಯಾದೆಗೆ ಅವಳು ಎಲ್ಲರಿಗೂ ಕೈ ಮುಗಿದಳು. ಪ್ರವೀಣ ಹೇಳಿಕೊಟ್ಟಂತೆ ಬಾಗಿ, ಮಗುವಿನ ಕಿವಿಯಲ್ಲಿ "ಅಜ್ಜಮ್ಮ" ಎಂದಳು. ಬೆನ್ನಿಗೆ ಗುದ್ದುಗಳು ಬಿದ್ದವು. ನಕ್ಕಳು, ಅತ್ತಳು.

ಅಜ್ಜಮ್ಮ ಹೋಗಿ ಅವಳ ಎದುರು ನಿಂತಳು.

"ನಿಮ್ಮಜ್ಜ ಒಂದು ವರ್ಷಾನೂ ತಡೀಲಿಲ್ಲ ತಾಯೀ. ಅವನು ಒಬ್ಬಳನ್ನ ಹಾಳು ಮಾಡಿ ಹೋದ. ನೀನು ಅಷ್ಟು ದೂರದಿಂದ ಬಂದು ಇನ್ನೊಂದು ಕೂಸಿನ ತಲೆಗೆ ಅದನ್ನೇ ಕಟ್ಟಿದೆ. ನಿಮ್ಮ ವಂಶಕ್ಕಿಷ್ಟು ಮಣ್ಣು ಹಾಕ."

ಮರಿಯಾನ್ ಅವಳ ಎರಡೂ ಕೈ ಹಿಡಿದುಕೊಂಡು, ಇವರು ಏನೆಂದರು ಎಂದು ಕೇಳುವಂತೆ ಪ್ರವೀಣನ ಮುಖ ನೋಡಿದಳು.

"ಹರಸುತ್ತಿದ್ದಾಳೆ," ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ.

ಮರಿಯಾನ್ ಬಗ್ಗಿ ಅಜ್ಜಮ್ಮನ ಕಾಲಿಗೆ ನಮಸ್ಕಾರ ಮಾಡಿದಳು.