ಆರನೇ ದಿನದ ಬಸ್ಸು

"ಇವತ್ತಾದ್ರೂ ಬಸ್ಸು ಹೊರಡುತ್ತೇನಪ್ಪಾ?" ಎಂದು ಕೇಳುತ್ತಲೇ ಅಕ್ಕ ಬಸ್ಸಿನ ಮೆಟ್ಟಿಲು ಹತ್ತಿದಳು. ಇದ್ದದ್ದು ಮೂರೇ ಮೆಟ್ಟಿಲು. ಎರಡನೆಯದರಲ್ಲಿ ನಿಂತು ಉಸಿರೆಳೆದುಕೊಂಡಳು.

"ಆದೇಶ ಬಂದ ತಕ್ಷಣ," ಎಂದ ಡ್ರೈವರ್. ಆರು ದಿನದಿಂದ ಇದೊಂದೇ ಮಾತು. ಈಗೀಗ ಹಾಗೆನ್ನಲು ಅವನಿಗೆ ನಾಚಿಕೆಯೂ ಆಗುತ್ತಿರಲಿಲ್ಲ.

ಗುಡ್ಡದ ಕಾಡಿಗೆ ಬೆಂಕಿ ಬಿದ್ದು ಹದಿನೈದು ದಿನವಾಗಿತ್ತು. ಬೆಂಕಿ ದೂರದಲ್ಲೇ ಇತ್ತು, ಹೊಗೆ ಮಾತ್ರ ಊರಿಗೆ ಬಂದು ಬೀಡುಬಿಟ್ಟಿತ್ತು. ಜನರನ್ನು ಸಾಗಿಸಲು ಸರ್ಕಾರ ಒಂದು ಬಸ್ಸು ಕಳಿಸಿತು. ನೀರಿನ ಟ್ಯಾಂಕಿನ ಪಕ್ಕ ನಿಲ್ಲಿಸಿ, ಆದೇಶ ಬರುವವರೆಗೆ ಕದಲಬಾರದು ಎಂದಿತು. ಬೇರೆ ಗಾಡಿಗಳಾಗಲಿ ನಡೆದು ಹೋಗುವವರಾಗಲಿ ಊರಾಚೆಯ ಕಾವಲು ಗೇಟು ದಾಟುವಂತಿಲ್ಲ. ಡ್ರೈವರ್ ಇದೇ ಊರಿನವನು; ಜನ ಜಗಳ ತೆಗೆಯುವುದಿಲ್ಲ ಎಂದು ಮೇಲಿನವರು ಅವನನ್ನೇ ಆರಿಸಿದ್ದರು. ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಈ ಅಕ್ಕ. ಅವಳ ಎದೆ ನೋಡಿದ ಡಾಕ್ಟರು, "ಔಷಧಿ ಏನ್ ಕೊಡ್ಲಿ? ಮೊದ್ಲು ಈ ಹೊಗೆಯಿಂದ ಆಚೆ ಕರ್ಕೊಂಡ್ ಹೋಗಿ. ಇಲ್ಲೇ ಇದ್ರೆ ಒಂದು ವಾರ ತಡೀಬಹುದು, ಅಷ್ಟೆ," ಎಂದಿದ್ದರು. ಅದಾಗಿ ಐದು ದಿನ.

ಜನ ಬೆಳಿಗ್ಗೆ ಗಂಟುಮೂಟೆ ಹಿಡಿದು ಬಂದು ಕೂರುತ್ತಿದ್ದರು, ಸಂಜೆ ಇಳಿದು ಮನೆಗೆ ಹೋಗುತ್ತಿದ್ದರು. ಮೂಗಿಗೆ ಹಿಡಿದ ಒದ್ದೆ ಟವಲನ್ನೇ ಹೋಗುವಾಗ ಸೀಟಿನ ಮೇಲೆ ಹಾಸುತ್ತಿದ್ದರು, ನಾಳೆಗೆ ಜಾಗ ಇರಲಿ ಎಂದು. ಒಂದು ಟವಲು ಆಚೀಚೆ ಆದರೂ ದೊಡ್ಡ ರಂಪ.

"ಬಸ್ಸು ಬೇರು ಬಿಟ್ಟಿರ್ಬೇಕು. ಬುಡಕ್ಕೆ ಒಂದ್ ಕೊಡ ನೀರು ಹಾಕ್ರಪ್ಪ, ಚಿಗುರಿದ್ರೂ ಚಿಗುರೀತು," ಎಂದ ಹಿಂದಿನ ಸೀಟಿನ ದರ್ಜಿ. ನಕ್ಕವರೆಲ್ಲ ಕೆಮ್ಮಿದರು.

ಹನ್ನೊಂದರ ಹೊತ್ತಿಗೆ ಫೋನು ಬಂತು. ಎಲ್ಲರೂ ಮುಂದಕ್ಕೆ ಬಾಗಿದರು. ಡ್ರೈವರನ ಕೈ ತಾನಾಗಿ ಕೀಲಿಯ ಮೇಲೆ ಹೋಯಿತು.

"ಬಸ್ ಖಾಲಿ ಮಾಡ್ಕೊಂಡು ಗೇಟ್ ಹತ್ರ ಬಾ," ಎಂದರು ಮೇಲ್ವಿಚಾರಕರು. "ಪರಿಶೀಲನಾ ತಂಡ ಬಂದಿದೆ, ಬೆಂಕಿ ತೋರಿಸ್ಕೊಂಡ್ ಬರ್ಬೇಕು."

"ಸಾರ್, ಜನ ಕೂತಿದಾರೆ. ನಮ್ಮಕ್ಕ ಒಬ್ಬಳನ್ನಾದ್ರೂ ಗೇಟ್ ದಾಟಿಸಿ..."

"ಖಾಲಿ ಅಂದ್ರೆ ಖಾಲಿ ಕಣಯ್ಯ. ಸಾಗಿಸೋ ಆದೇಶ ಇನ್ನೂ ಸಹಿಗೇ ಹೋಗಿಲ್ಲ. ಅಲ್ಲಿ ತಲೆ ಎಣಿಸ್ತಾರೆ, ಹುಷಾರು."

ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ವಿಷಯ ಹೇಳಿದಾಗ ಜನಕ್ಕೂ ಬರಲಿಲ್ಲ. ಸಂಜೆ ಇಳಿಯುವ ಹಾಗೆಯೇ ಸಾಲಾಗಿ ಇಳಿದರು, ಟವಲು ಹಾಸಿಯೇ ಇಳಿದರು. ಕೊನೆಗೆ ಎದ್ದವಳು ಅಕ್ಕ.

"ನೀನು ಇಳೀಬೇಡ. ಅದೇನ್ ಮಾಡ್ತಾರೋ ನೋಡೇ ಬಿಡೋಣ."

"ಸುಮ್ನಿರೋ. ಅಷ್ಟೂ ಜನ ಇಳಿದು ನಾನೊಬ್ಳು ಕೂತ್ರೆ ಚೆನ್ನಾಗಿರುತ್ತಾ? ನಿನ್ ಕೆಲಸಕ್ಕೆ ಬೇರೆ ಕಲ್ಲು ಬೀಳುತ್ತೆ." ಡ್ರೈವರ್ ಬೆನ್ನ ಹಿಂದಿನ ತನ್ನ ಸೀಟಿನ ಮೇಲೆ ಟವಲು ಹರವಿ, ಮೂಲೆಗಳನ್ನು ಎಳೆದು ಸರಿಮಾಡಿದಳು. "ವಾಪಸ್ ಬರ್ತೀಯಲ್ಲ. ಯಾರಿಗೂ ಬಿಡ್ಬೇಡ ನೋಡು."

ಬಾಯಿಗೆ ಕೈ ಅಡ್ಡ ಹಿಡಿದು ಅವಳು ಟ್ಯಾಂಕಿನ ಕಟ್ಟೆಯ ಮೇಲೆ ಕೂತಳು. ಬಸ್ಸು ತಿರುಗುವಷ್ಟರಲ್ಲಿ ಕನ್ನಡಿಯಲ್ಲಿ ಕಟ್ಟೆಯೂ ಕಾಣಲಿಲ್ಲ, ಅಕ್ಕನೂ ಕಾಣಲಿಲ್ಲ.

ಗೇಟಿನ ಕಾವಲಿನವನು ಬಸ್ಸಿನೊಳಗೆ ಇಣುಕಿ, ಸೊನ್ನೆ ಎಂದು ಬರೆದುಕೊಂಡ. ಗೇಟಿನಾಚೆ ಗಾಳಿ ತಿಳಿಯಾಗಿತ್ತು. ಆರು ದಿನದಲ್ಲಿ ಮೊದಲ ಸಲ ಡ್ರೈವರನಿಗೆ ಎದೆ ತುಂಬ ಉಸಿರು ಬಂತು. ಅದು ಅವನಿಗೆ ಬೇಡವಾಗಿತ್ತು. ನಾಲ್ವರು ಅಧಿಕಾರಿಗಳು ಹೊಸ ಮಾಸ್ಕು ಹಾಕಿಕೊಂಡು ಹತ್ತಿದರು. ಎಲ್ಲರಿಗಿಂತ ಹಿರಿಯರು ಮುಂದಿನ ಸೀಟಿಗೆ ಬಂದು, ಅಕ್ಕನ ಟವಲನ್ನು ಎರಡು ಬೆರಳಲ್ಲಿ ಎತ್ತಿದರು.

"ಏನ್ರೀ ಇದು? ಯಾರದ್ದು?"

"ಸೀಟಿಗೆ ಜನ ಇದ್ದಾರೆ ಸಾರ್," ಎಂದ ಡ್ರೈವರ್, ತಿರುಗಿ ನೋಡದೆ.

ಅಧಿಕಾರಿ ಹಿಂದಿನವರೆಗೂ ಕಣ್ಣಾಡಿಸಿದರು. ಒಂದೊಂದು ಸೀಟಿನ ಮೇಲೂ ಒಂದೊಂದು ಟವಲಿತ್ತು.

ಡ್ರೈವರ್ ಗೇರು ಹಾಕಿದ. ಅಧಿಕಾರಿ ಮೇಲಿನ ಕಂಬಿ ಹಿಡಿದುಕೊಂಡರು. ಇನ್ನೊಂದು ಕೈಯಲ್ಲಿದ್ದ ಟವಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅವರು ನಿಂತೇ ಇದ್ದರು.