ತೆರೆಯ ಮೇಲೆ ಬೀಳದ ಸಾಲು

ಮಿಕ್ಸರಿನ ಗರ್ರ್ ಸದ್ದಿನ ಅಡಿಯಲ್ಲಿ ಏನೋ ಇದೆ, ತೆಳ್ಳಗೆ, ನೂಲಿನಂತೆ, ತರನ್ನುಮ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು, ಅಮ್ಮೀ ಮಿಕ್ಸರ್ ಬಂದ್ ಮಾಡ, ಒಂದ ನಿಮಿಷ, ಅಡುಗೆಮನೆಯಿಂದ ಅಮ್ಮಿ ಸುರೈಯಾ, ಶೇಂಗಾ ಚಟ್ನಿ ಅರ್ಧಾ ಆಗೇತಿ, ನಿನ್ನ ಕುಂಯ್ ಕುಂಯ್ ಸಲುವಾಗಿ ಒಳ್ಳಿನ್ಯಾಗ ಕುಟ್ಲೇನು, ಅಂದರೂ ಬಂದ್ ಮಾಡಿದಳು, ಇಬ್ರಾಹಿಂಪುರದ ಸಂಜೆ ಬಿಸಿಲು ಇನ್ನೂ ನೀರಿನ ಟಾಕಿಯ ಮೇಲಿದೆ, ಟಾಕಿಗೆ ಕಟ್ಟಿದ ತಂತಿಯಿಂದ ಇಳಿದು ಬರುತ್ತಿರುವುದು ಮೋರ್ಸ್, ಚುಕ್ಕೆ ಗೆರೆಗಳ ಕುಂಯ್ ಕುಂಯ್, ಅಕ್ಷರಕ್ಕೆ ಅಕ್ಷರ, ಅವಳು ಕಾಯುತ್ತಿದ್ದ ಅದೇ ದ್ವೀಪ — ದಕ್ಷಿಣ ಸಮುದ್ರದಲ್ಲಿ ಹಕ್ಕಿ ಬಿಟ್ಟರೆ ನರಪಿಳ್ಳೆ ಇಲ್ಲದ ಬಂಡೆ, ಹದಿನೆಂಟು ವರ್ಷದ ಮೇಲೆ ಯಾರೋ ಹುಚ್ಚರು ರೇಡಿಯೊ ಹೊತ್ತು ಹೋಗಿದ್ದಾರೆ, ನಾಳೆ ಹಡಗು ಹತ್ತುತ್ತಾರೆ, ಒಂಬತ್ತು ದಿನ ಜಪಾನಿಗೆ ಕೇಳಿದರು, ಯುರೋಪಿಗೆ ಕೇಳಿದರು, ನಮ್ಮ ಕಡೆಗೆ ಇವತ್ತು, ಪಿಚ್ಚರ್ ಮುಗಿಯಲು ಹತ್ತು ನಿಮಿಷ ಇರುವಾಗ ಹೀರೋ ಎಂಟ್ರಿ. ಎಲ್ಲಿ ಬಡಿದು ಎಲ್ಲಿ ಪುಟಿದು ಬಂತೋ, ಅಲ್ಲಿ ಕೀ ಒತ್ತುವವರಿಗೆ ಚಳಿಯೇ, ಚಹಾ ಸಿಗುತ್ತದೆಯೇ, ಹಕ್ಕಿಗಳು ಅವರ ತಂತಿಯ ಮೇಲೂ ಕೂರುತ್ತವೆಯೇ.

ಪಕ್ಕದ ತೆರೆಯಲ್ಲಿ ಕ್ಲಸ್ಟರ್ ಓಡುತ್ತಿದೆ, ದೂರದ ಸ್ಟೇಷನ್ ಯಾರಿಗೆ ಕೇಳಿಸಿತೋ ಅವರು ಆ ಕ್ಷಣವೇ ಒಂದು ಸಾಲು ಹಾಕುತ್ತಾರೆ, ಯಾರು, ಯಾವ ಫ್ರೀಕ್ವೆನ್ಸಿ, ಎಷ್ಟು ಗಂಟೆ, ಜಗತ್ತಿನ ಹ್ಯಾಮ್‌ಗಳೆಲ್ಲ, ಹವ್ಯಾಸಕ್ಕೆ ರೇಡಿಯೊ ಹಿಡಿದವರೆಲ್ಲ, ಓದಿ ಅಲ್ಲಿಗೇ ಮುಗಿಬೀಳುತ್ತಾರೆ, ಅದಕ್ಕೇ ಮದಲ ನೀ ಮಾತಾಡಿ ಮುಗಸು, ಆಮ್ಯಾಲ ಊರಿಗೆ ಹೇಳು, ಕಲಿಸಿದ್ದು ತಿಕೋಟಾದ ಬಸಗೊಂಡಪ್ಪ ಕಾಕಾ, ಪೊಲೀಸ್ ವೈರ್‌ಲೆಸ್ಸಿನಿಂದ ನಿವೃತ್ತರು, ಅವಳಿಗೆ ಮೋರ್ಸ್ ಹೇಳಿಕೊಟ್ಟವರು, ಎಪ್ಪತ್ತಮೂರು ವಯಸ್ಸು, ರೇಡಿಯೊದಲ್ಲಿ ಮಾತಾಡಿಸಿದ ದೇಶಗಳ ಪಟ್ಟಿಯಲ್ಲಿ ಜಗತ್ತೆಲ್ಲ ಮುಗಿಸಿ ಇದೊಂದು ದ್ವೀಪ ಉಳಿದವರು, ಮುಂದಿನ ಸಲ ಇವ್ರು ಬರೂದ್ರಾಗ ನಾನ ಮ್ಯಾಲಿನ ಸ್ಟೇಷನ್ ಆಗಿರ್ತೇನಿ ಬೇ, ಅಂದಿದ್ದರು — ಅವರಿಗೇ ಅವಳು ಮೊನ್ನೆ ಸುಳ್ಳು ಸಾಲು ಹಾಕಿದ್ದು, ಇದೇ ದ್ವೀಪದ ಹೆಸರಿಗೆ, ಬರೀ ಚೇಷ್ಟೆ, ಕಾಕಾ ಮೂರು ತಾಸು ಖಾಲಿ ಗಾಳಿಯನ್ನು ಕರೆದರು, ಫೋನ್ ಮಾಡಿ ಪಿಚ್ಚರ್ ಹ್ಯಾಂಗಿತ್ತರಿ ಕಾಕಾ ಅಂದಳು, ಬೈಯಲಿಲ್ಲ, ಛಲೋ ಇತ್ತವಾ, ನಿನ್ನ ಹೆಸರಿಗೆ ಫಿಲ್ಟರ್ ಹಾಕೇನಿ, ಇನ್ನ ನೀ ಏನ್ ಬರದ್ರೂ ನನ್ನ ಕಣ್ಣಿಗೆ ಬೀಳಂಗಿಲ್ಲ. ಈಗ ಬರೆದರೂ ಬೀಳುವುದಿಲ್ಲ, ಕಾಕಾನ ಫೋನ್ ಸ್ವಿಚ್ ಆಫ್, ಸೆಟ್ಟಿನ ಮುಂದೆ ಕೂತರೆ ಯಾವಾಗಲೂ ಆಫ್, ಇನ್ನೊಬ್ಬ ಹ್ಯಾಮ್, ಬಬಲೇಶ್ವರದ ಭೀಮಾಶಂಕರ ಬರೆದರೆ ಕಾಕಾನ ಕಣ್ಣಿಗೆ ಬೀಳುತ್ತದೆ, ಆದರೆ ಅವನಿಗೆ ಹೇಳಿದರೆ ಇಡೀ ಜಾತ್ರೆ ನುಗ್ಗುತ್ತದೆ, ಅವಳ ಹತ್ತು ವ್ಯಾಟಿನ ಸೆಟ್ಟು ಆ ಜಾತ್ರೆಯಲ್ಲಿ ಪೀಪಿ, ಈಗ ಕರೆದರೆ ಎರಡು ನಿಮಿಷದಲ್ಲಿ ದ್ವೀಪ ಅವಳದು, ಎರಡೇ ನಿಮಿಷ, ಬಿಸಿಲು ಟಾಕಿಯಿಂದ ಜಾರುತ್ತಿದೆ, ಸದ್ದೂ ಜಾರುತ್ತಿದೆ, ಎರಡು ನಿಮಿಷದ ಮೇಲೆ ಕಾಕಾಗೆ ಏನು ಉಳಿಯುತ್ತದೆ — ನಂಬರ್ ಒತ್ತಿದಳು, ಭೀಮಾಶಂಕರ ಫೋನ್ ಎತ್ತಿದ, ಮತ್ತ ಪಿಚ್ಚರ್ ತಂದೀಯೇನ್ ಬೇ, ಅವಳು ಹೆಡ್‌ಫೋನನ್ನು ಫೋನಿಗೆ ಹಿಡಿದಳು, ಅವನು ಉಸಿರು ಹಿಡಿದದ್ದು ಗೊತ್ತಾಯಿತು, ಹೌದಲಾ ಬೇ, ಅಂದ, ನೀ ಮಾತಾಡಿದೇನು, ಇಲ್ಲೋ, ಅಂದಳು, ಲಗೂನ ಬರಿ.

ಸಾಲು ಬಿತ್ತು, ಅವನ ಹೆಸರಲ್ಲಿ, ಜಾತ್ರೆ ನುಗ್ಗಿತು, ಯಾವ ಯಾವ ದೇಶದ ಗಂಟಲೋ, ಅವಳೂ ಒಂದು ಸಲ ಕರೆದಳು, ತನಗೇ ಕೇಳಲಿಲ್ಲ, ಆಮೇಲೆ ಹತ್ತಿರದಿಂದ, ಕಿವಿಗೆ ಬಡಿಯುವಷ್ಟು ಹತ್ತಿರದಿಂದ, ನಿಧಾನದ ಒಂದು ಕೈ, ಕಾಕಾನ ಕೈ, ಕೊನೆಯ ಗೆರೆಯನ್ನು ಎಳೆಯುವ ಆ ಸೊಟ್ಟ ಬೆರಳು, ಬಂದ್ರು, ಬಂದ್ರು, ದ್ವೀಪ ಅರ್ಧ ಹಿಡಿಯಿತು, ಯಾರು ಅಂತ ಕೇಳಿತು, ಸೊಟ್ಟ ಬೆರಳು ಮತ್ತೆ, ದ್ವೀಪ ಈಗ ಪೂರ್ತಿ ಹೆಸರು ಹೇಳಿತು, ತಪ್ಪಿಲ್ಲದೆ ಹೇಳಿ ಸುಮ್ಮನಾಯಿತು, ಕೇಳಿತು ಅಂತ ಕಾಕಾನಿಂದ ಒಂದು ಉತ್ತರ ಹೋಗಬೇಕು, ಹೋದರೇ ಲೆಕ್ಕ, ಹೋಗುತ್ತಿಲ್ಲ, ಒತ್ರಿ ಕಾಕಾ, ಕಣ್ಣು ಒರೆಸಿಕೊಳ್ಳುತ್ತಿದ್ದಾರೋ, ಇದೂ ಸುಳ್ಳು ಅನ್ನಿಸಿತೋ, ಸದ್ದು ಇಳಿಯುತ್ತಿದೆ, ಒತ್ರಿ, ಬೆರಳು ಕೀ ಮೇಲೆ ನಿಂತಿದೆ, ಆ ಸೊಟ್ಟ ಬೆರಳು, ಬೆರಳು — ಇಳಿಯಿತು, ಉತ್ತರ ಹೋಯಿತು, ಕೊನೆಯ ಗೆರೆ ಎಳೆಯಿತು, ಎಳೆಯುತ್ತಿದೆ, ಇನ್ನೂ ಎತ್ತಿಲ್ಲ, ಆ ಬೆರಳು.