ಹದಿನಾರು ಒಳ್ಳೆಯ ಮಾತು

೨೦೨೫ರ ಫೆಬ್ರುವರಿ ೯, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ನಾನು ತಂಬೂರಿಯ ಶ್ರುತಿ ಮಾಡಿ ಮುಗಿಸಿದೆ. ಇಷ್ಟು ಖಚಿತವಾಗಿ ಹೇಳುತ್ತಿರುವುದು ನೆನಪಿನ ಬಲದಿಂದಲ್ಲ. ಆ ದಿನದ ರೆಕಾರ್ಡಿಂಗ್ ಇನ್ನೂ ಫೋನಿನಲ್ಲಿದೆ, ಅದರ ಹೆಸರಲ್ಲೇ ಗಂಟೆ ನಿಮಿಷ ಇದೆ.

ಯಲ್ಲಾಪುರದಲ್ಲಿ ನಮ್ಮ ಮನೆ ಹೆದ್ದಾರಿಯ ಪಕ್ಕ. ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ಲಾರಿಗಳಿಗೆ ಭಾನುವಾರ ಅಂತ ಬಿಡುವಿಲ್ಲ. ಅದಕ್ಕೆ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಎಡಗಿವಿಗೆ ಹತ್ತಿ ತುರುಕಿ, ಬಲಗಿವಿಯನ್ನು ತಂಬೂರಿಯ ದಂಡಿಗೆ ಒತ್ತಿ, ಮರದೊಳಗಿಂದ ಬರುವ ದನಿಯನ್ನಷ್ಟೇ ಕೇಳಿ ಶ್ರುತಿ ಮಾಡುವುದು. ಹಾಡು ಮುಗಿಯುವವರೆಗೂ ಹತ್ತಿ ತೆಗೆಯುತ್ತಿರಲಿಲ್ಲ.

ತಂಬೂರಿಯ ನಡುವಿನ ಎರಡು ತಂತಿಗಳಿಗೆ ಜೋಡಿ ಅನ್ನುತ್ತಾರೆ. ಎರಡೂ ಒಂದೇ ಷಡ್ಜ, ಅಂದರೆ ಒಂದೇ ‘ಸ’, ಹೇಳಬೇಕು. ಕೂಡದಿದ್ದರೆ ದನಿ ಅಲೆಅಲೆಯಾಗಿ ಏರಿಳಿಯುತ್ತದೆ. ಕೂಡುತ್ತ ಬಂದಂತೆ ಅಲೆ ನಿಧಾನವಾಗುತ್ತದೆ, ಪೂರ್ತಿ ಕೂಡಿದಾಗ ನಿಲ್ಲುತ್ತದೆ. ನಾನು ಇಪ್ಪತ್ತೊಂಬತ್ತು ವರ್ಷ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು. ಈ ಅಲೆಯ ಪಾಠ ಬಂದಾಗ ತಂಬೂರಿಯನ್ನೇ ಹೊತ್ತುಕೊಂಡು ಕ್ಲಾಸಿಗೆ ಹೋಗುತ್ತಿದ್ದೆ.

ಆ ಬೆಳಿಗ್ಗೆ ಎದ್ದಾಗಲೇ ಬಲಗಿವಿ ಕಟ್ಟಿದ ಹಾಗಿತ್ತು. ಒಳಗೆಲ್ಲೋ ಒಂದು ಸಣ್ಣ ಸಿಳ್ಳೆ. ಶೀತವೆಂದುಕೊಂಡೆ. ಜೋಡಿಯ ಅಲೆ ಎಂದಿಗಿಂತ ಬೇಗ ನಿಂತಿತು. ಖುಷಿಯಾಯಿತು. ಭೈರವ ರಾಗದ ಆಲಾಪ ನಾಲ್ಕು ನಿಮಿಷ ಹಾಡಿ, ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ. ನನ್ನ ದನಿಯನ್ನು ನಾನೇ ಮತ್ತೆ ಕೇಳುವ ಅಭ್ಯಾಸ ಇಲ್ಲ. ಕೇಳಿದರೆ ಹಾಕುವ ಧೈರ್ಯ ಉಳಿಯುವುದಿಲ್ಲ.

ಗುಂಪಿನ ಹೆಸರು ‘ಭಾನುವಾರದ ಸ್ವರ’. ಶಿರಸಿ, ಸಿದ್ದಾಪುರ, ಯಲ್ಲಾಪುರದ ಇಪ್ಪತ್ತೆರಡು ಜನ. ಯಾರೂ ವೇದಿಕೆ ಏರಿದವರಲ್ಲ. ಮನೆಯಲ್ಲಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಡಿ, ಬಾರಿಸಿ, ಫೋನಿನಲ್ಲಿ ಹಿಡಿದು ಕಳಿಸುವವರು. ನಮ್ಮದು ಒಂದೇ ನಿಯಮ: ಯಾರು ಏನು ಹಾಕಿದರೂ ಉಳಿದವರು ಒಂದು ಒಳ್ಳೆಯ ಮಾತು ಬರೆಯಬೇಕು, ತಪ್ಪು ಎತ್ತಬಾರದು.

ಆ ನಿಯಮ ಮಾಡಿದವನು ನಾನೇ. ಯಾಕೆ ಮಾಡಿದೆ ಎಂಬುದನ್ನೂ ಹೇಳಬೇಕು.

ಆ ಫೆಬ್ರುವರಿಗೂ ಒಂದು ವರ್ಷ ಮೊದಲು, ದಾಸನಕೊಪ್ಪದಲ್ಲಿ ಹೊಲಿಗೆ ಅಂಗಡಿ ಇಟ್ಟ ಚೇತನಾ ಎಂಬಾಕೆ ಗುಂಪಿಗೆ ಸೇರಿ, ಮೊದಲ ಸಲ ಒಂದು ಭಜನೆ ಹಾಡಿ ಹಾಕಿದ್ದಳು. ಎರಡೂವರೆ ನಿಮಿಷ. ಹಿಂದೆ ಯಾರದೋ ಹೊಲಿಗೆ ಯಂತ್ರ ಒಮ್ಮೆ ಟಕಟಕ ಎಂದು, ಅವಳ ದನಿಗೆ ಸುಮ್ಮನಾಗಿತ್ತು. ಒಳ್ಳೆಯ ಕಂಠ. ನಾನು ಅದನ್ನು ಸ್ವರ ಅಳೆಯುವ ಆ್ಯಪಿಗೆ ಹಾಕಿ, ಗೆರೆಚಿತ್ರ ತೆಗೆದು, ‘ನಿಷಾದ ಇಪ್ಪತ್ತೆರಡು ಸೆಂಟ್ ಕೆಳಗಿದೆ’ ಎಂದು ಗುಂಪಿನಲ್ಲೇ ಬರೆದೆ. ಹಾರ್ಮೋನಿಯಂನ ಪಕ್ಕಪಕ್ಕದ ಕಪ್ಪು-ಬಿಳಿ ಕೀಗಳ ನಡುವಿನ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್. ಪಳಗಿದ ಕಿವಿಗೆ ಐದಾರು ಸೆಂಟ್ ತಪ್ಪಿದರೂ ಗೊತ್ತಾಗುತ್ತದೆ ಎಂಬ ವಿವರಣೆಯನ್ನೂ ಸೇರಿಸಿದ್ದೆ. ಸಹಾಯ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ಒಂದು ಗಂಟೆಯೊಳಗೆ ಅವಳು ಹಾಡನ್ನು ಅಳಿಸಿದಳು. ಆಮೇಲೆ ಹಾಡಲಿಲ್ಲ.

ಸಿದ್ದಾಪುರದಲ್ಲಿ ಕನ್ನಡಕದ ಅಂಗಡಿ ಇರುವ ಕಮಲಾಕರ ನನ್ನ ಹಳೆಯ ಗೆಳೆಯ, ಹಾರ್ಮೋನಿಯಂ ಬಾರಿಸುತ್ತಾನೆ. ಆವತ್ತೇ ಫೋನ್ ಮಾಡಿದ್ದ.

“ಎಂತ ಮಾರಾಯ, ಅದೆಂತ ರಕ್ತ ಪರೀಕ್ಷೆ ರಿಪೋರ್ಟ? ಪಾಪ, ಆ ಹುಡುಗಿ ಮೊದಲನೇ ಸಲ ಬಾಯಿ ಬಿಟ್ಟಿದ್ದು.”

ನಾಚಿಕೆಯಾಯಿತು. ನಿಯಮ ಮಾಡಿದೆ. ಪ್ರಾಯಶ್ಚಿತ್ತವೆಂಬಂತೆ ಆ ಆ್ಯಪನ್ನೂ ಫೋನಿನಿಂದ ತೆಗೆದುಹಾಕಿದೆ. ಚೇತನಾ ಗುಂಪಿನಲ್ಲೇ ಉಳಿದಳು. ಎಲ್ಲರ ಹಾಡಿಗೂ ಒಂದು ಹೂವು ಹಾಕುತ್ತಿದ್ದಳು, ಅಷ್ಟೇ.

ಫೆಬ್ರುವರಿ ಒಂಬತ್ತರ ನನ್ನ ಭೈರವಕ್ಕೆ ಸಂಜೆಯೊಳಗೆ ಹದಿನಾರು ಒಳ್ಳೆಯ ಮಾತು ಬಂದವು. ‘ಬೆಳಗು ಬೆಳಗಾಯಿತು ಸರ್.’ ‘ರಿಷಭದ ಆಂದೋಲನ ಸೊಗಸು.’ ಕಮಲಾಕರ ಬರೆದಿದ್ದ: ‘ತಂಬೂರಿ ಅಂದ್ರೆ ಇದು.’ ಚೇತನಾಳ ಹೂವು.

ಮೂರನೆಯ ದಿನ ನನ್ನ ಹೆಂಡತಿ ಸೀತಾ ಅಡುಗೆಮನೆಯಿಂದ ಬಂದು ಎದುರು ನಿಂತಳು.

“ಎಂತ, ಆಗಿಂದ ಮೂರು ಸಲ ಕರೆದೆ. ಕೇಳ್ತಿಲ್ಯ?”

“ಶೀತ. ಕಿವಿ ಕಟ್ಟಿದ್ದು.”

“ಶೀತ ಆದ್ರೆ ಮೂಗು ಸೋರ್ತು. ನಿಮ್ದು ಮೂಗು ಒಣಗಿದ್ದು. ಡಾಕ್ಟರ ಹತ್ರ ಹೋಪನ ಬನ್ನಿ.”

ಆಗ ನಾನು ಅವಳಿಗೆ ಕೊಟ್ಟ ಉತ್ತರವನ್ನು ಈಗ ಬರೆಯಲು ಕಷ್ಟವಾಗುತ್ತದೆ. ಫೋನ್ ತೆಗೆದು ತೋರಿಸಿದೆ. ನೋಡು, ಕಿವಿಯಲ್ಲಿ ದೋಷ ಇದ್ದಿದ್ದರೆ ಶ್ರುತಿ ಕೆಡಬೇಕಿತ್ತು. ಶ್ರುತಿ ಕೆಟ್ಟಿದ್ದರೆ ಹದಿನಾರು ಜನರಲ್ಲಿ ಒಬ್ಬರಿಗಾದರೂ ಗೊತ್ತಾಗಬೇಕಿತ್ತು. ಯಾರಿಗೂ ಗೊತ್ತಾಗಿಲ್ಲ. ಅಂದಮೇಲೆ ಕಿವಿ ಸರಿಯಿದೆ. ಕ್ಲಾಸಿನಲ್ಲಿ ಹೇಳಿದ ಹಾಗೇ, ಮೆಟ್ಟಿಲು ಮೆಟ್ಟಿಲಾಗಿ ಹೇಳಿದೆ. ತಪ್ಪು ಹೇಳಬಾರದೆಂದು ನಾನೇ ಬಾಯಿ ಕಟ್ಟಿದ ಹದಿನಾರು ಸಾಕ್ಷಿಗಳು ಅವರು ಎಂಬುದು ನನಗೆ ಹೊಳೆಯಲೇ ಇಲ್ಲ.

“ನಿಂಗ್ಳ ಹತ್ರ ಮಾತಾಡಿ ಗೆದ್ದವು ಯಾರಿದ್ದ,” ಎಂದು ಸೀತಾ ಒಳಗೆ ಹೋದಳು.

ಮುಂದಿನ ನಾಲ್ಕು ಭಾನುವಾರವೂ ಹಾಡಿ ಹಾಕಿದೆ. ಹದಿನಾಲ್ಕು, ಹದಿನೇಳು, ಹದಿಮೂರು, ಹದಿನೈದು ಒಳ್ಳೆಯ ಮಾತು. ಸಿಳ್ಳೆ ನಿಲ್ಲಲಿಲ್ಲ. ಮಾರ್ಚ್ ಹನ್ನೊಂದರಂದು, ಎಂದೂ ಎಡಗಿವಿಗೇ ಹಿಡಿಯುವ ಫೋನನ್ನು ಅಪ್ಪಿತಪ್ಪಿ ಬಲಗಿವಿಗೆ ಹಿಡಿದು, ಎದುರಿನವರ ಮಾತು ತಗಡು ಕೆರೆದ ಹಾಗೆ ಕೇಳಿದಾಗ, ಸೀತಾ ಹೇಳುವ ಮೊದಲೇ ಹುಬ್ಬಳ್ಳಿಯ ಬಸ್ಸು ಹತ್ತಿದೆ.

ವೈದ್ಯೆ ಚಿಕ್ಕ ವಯಸ್ಸಿನವರು. ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ ಪರೀಕ್ಷೆ ಮಾಡಿಸಿ, ಕಾಗದ ಮುಂದಿಟ್ಟರು. ಎಡಗಿವಿಯ ಗೆರೆ ಮೇಲೆ ನೆಟ್ಟಗಿತ್ತು. ಬಲಗಿವಿಯದು ತಳದಲ್ಲಿತ್ತು.

“ಇದು ಶೀತ ಅಲ್ಲ ಸರ್. ಒಳಗಿವಿ, ನರ. ಕೆಲವರಿಗೆ ಹೀಗೆ ಒಂದೇ ದಿನದಲ್ಲಿ ಹೋಗುತ್ತದೆ. ಕಾರಣ ಎಷ್ಟೋ ಸಲ ಗೊತ್ತಾಗುವುದಿಲ್ಲ. ಯಾವಾಗಿಂದ?”

ದಿನಾಂಕ ಹೇಳಿದೆ. ಗಂಟೆಯನ್ನೂ ಹೇಳಿದೆ.

ಅವರು ಅದನ್ನು ಕಾಗದದ ಮೂಲೆಯಲ್ಲಿ ಬರೆದುಕೊಂಡರು. “ಮೊದಲ ಎರಡು ವಾರದಲ್ಲಿ ಬಂದಿದ್ದರೆ ಔಷಧಿಗೆ ಒಂದು ಅವಕಾಶ ಇರುತ್ತಿತ್ತು. ಈಗಲೂ ಕೊಡುತ್ತೇನೆ. ನಿರೀಕ್ಷೆ ಇಟ್ಟುಕೊಳ್ಳಬೇಡಿ.” ಬಾಗಿಲವರೆಗೆ ಬಂದು ಇನ್ನೊಂದು ಮಾತು ಹೇಳಿದರು. “ಅಪರೂಪಕ್ಕೆ ಇನ್ನೊಂದು ಕಿವಿಗೂ ಬರುವುದುಂಟು. ಸ್ವಲ್ಪ ಅನುಮಾನ ಬಂದರೂ ಅವತ್ತೇ ಬನ್ನಿ. ನಾಳೆ ಅನ್ನಬೇಡಿ.”

ಔಷಧಿಯಿಂದ ಏನೂ ಆಗಲಿಲ್ಲ. ಆ್ಯಪನ್ನು ಮತ್ತೆ ಹಾಕಿಕೊಂಡು, ಫೆಬ್ರುವರಿ ಒಂಬತ್ತರ ರೆಕಾರ್ಡಿಂಗಿನ ಜೋಡಿ ತಂತಿಗಳನ್ನು ಬೇರೆಬೇರೆಯಾಗಿ ಅಳೆದೆ. ಮೂವತ್ತನಾಲ್ಕು ಸೆಂಟ್ ಅಂತರ. ಅಷ್ಟು ಅಂತರಕ್ಕೆ ಅಲೆ ಸೆಕೆಂಡಿಗೆ ಮೂರು ಸಲ ಬಡಿಯುತ್ತದೆ. ಎಡಗಿವಿಗೆ ಹಿಡಿದು ಕೇಳಿದೆ. ಒಡಕು ಕಂಚಿನ ತಟ್ಟೆಯ ಮುಂದೆ ಕೂತು ಯಾರೋ ಭಕ್ತಿಯಿಂದ ಭೈರವ ಹಾಡುತ್ತಿದ್ದ.

ಕಮಲಾಕರನಿಗೆ ಫೋನ್ ಮಾಡಿದೆ. “ಶ್ರುತಿ ಕೆಟ್ಟಿದ್ದು ನಿಂಗೆ ಗೊತ್ತಾಜಿಲ್ಯ?”

“ಸುಳ್ಳು ಹೇಳ್ತ್ನಿಲ್ಲೆ ಸದಾಶಿವ. ಆನು ಕೇಳಲೇ ಇಲ್ಲೆ ಮಾರಾಯ. ಅಂಗಡಿಲಿ ಗಿರಾಕಿ ಇದ್ದಿದ್ದ. ನೀ ಹಾಕಿದ್ದು ಅಂದ್ಮೇಲೆ ಚೆನ್ನಾಗೇ ಇರ್ತು ಹೇಳಿ ಬರೆದುಬಿಟ್ಟೆ.”

“ಉಳಿದ ನಾಲ್ಕು ವಾರ?”

ಗಿರಾಕಿ ಬಂದ ಎಂದು ಅವನು ಫೋನ್ ಇಟ್ಟ. ನಾನೂ ಎಷ್ಟು ಜನರ ಹಾಡನ್ನು ಪೂರ್ತಿ ಕೇಳಿ ಬರೆದಿದ್ದೆ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ಏಪ್ರಿಲ್‌ನಲ್ಲಿ ಶಿರಸಿಗೆ ಹೋಗಿ, ಅಲ್ಲಿಂದ ಬನವಾಸಿ ರಸ್ತೆಯ ಬಸ್ಸು ಹಿಡಿದು ದಾಸನಕೊಪ್ಪಕ್ಕೆ ಹೋದೆ. ಚೇತನಾಳನ್ನು ಕಂಡು ಕ್ಷಮೆ ಕೇಳಬೇಕಿತ್ತು. ಅಂಗಡಿ ಚಿಕ್ಕದು. ಕೊರಳಲ್ಲಿ ಟೇಪು ಹಾಕಿಕೊಂಡು ಕುಪ್ಪಸಕ್ಕೆ ಗುಂಡಿ ಕೂರಿಸುತ್ತಿದ್ದವಳು ಎದ್ದು ನಿಂತಳು.

“ಬರ್ರಿ ಸರ್, ಕುಂದರ್ರಿ.”

ಅವಳ ಎಡಕ್ಕೆ ಕೂರಬೇಕಾಯಿತು. ಹಾಗೆ ಕೂತರೆ ನನ್ನ ಬಲಗಿವಿ ಅವಳ ಕಡೆಗೆ. ಸ್ಟೂಲು ಎತ್ತಿ ಈಚೆಗೆ ಇಟ್ಟುಕೊಂಡು, ಕಾರಣ ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ಗುಂಡಿಯನ್ನು ಕೈಯಲ್ಲೇ ಹಿಡಿದು ಕೇಳಿದಳು.

“ನನಗ ಅವತ್ತ ಗೊತ್ತಾಗಿತ್ರಿ,” ಅಂದಳು.

ನಾನು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ.

“ಎರಡು ಸಲ ಕೇಳಿದ್ನಿ. ಸರ್ ತಂಬೂರಿ ಹಿಂಗ ಇರಂಗಿಲ್ಲ ಅಂತ ಬರದ್ನಿ. ಆಮ್ಯಾಲ ಅಳಿಸಿದ್ನಿ. ನಿಯಮ ಮಾಡಿದವ್ರು ನೀವ ಅಲ್ರಿ?” ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. “ಖರೇ ಹೇಳ್ತೀನ್ರಿ, ಸಿಟ್ಟೂ ಇತ್ತು. ಹೂವು ಹಾಕಿ, ಇರ್ಲಿ ಬಿಡು ಅಂದ್ಕೊಂಡ್ನಿ. ಕಿವಿ ಹೋಗಿರ್ತೈತಿ ಅಂತ ಕನಸಿನ್ಯಾಗೂ ಅಂದ್ಕೊಂಡಿರಲಿಲ್ಲ.”

“ತಪ್ಪು ನಿನ್ನದಲ್ಲ.”

“ನಾನೂ ದಿನಾ ಅಳತಿ ತಗೊಳ್ಳಾಕಿನ ಸರ್. ಹೊಟ್ಟಿ ಎರಡಿಂಚು ಬಂದೈತಿ ಅಂತ ಯಾರಿಗೂ ಹೇಳಂಗಿಲ್ಲ, ಸುಮ್ನ ಎರಡಿಂಚು ಬಿಟ್ಟು ಹೊಲೀತೀನಿ. ನೀವು ಊರಿಗೆಲ್ಲ ಹೇಳಿದ್ರಿ.”

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳು ಮಾತ್ರ ನಗಲಿಲ್ಲ.

ಒಂದು ಬೇಡಿಕೆ ಇಟ್ಟೆ. ಇನ್ನು ಎಡಗಿವಿಯಿಂದಲೇ ಶ್ರುತಿ ಮಾಡುತ್ತೇನೆ, ಆ್ಯಪು ನೋಡದೆ. ನೋಡಿ ಬಿರಡೆ ತಿರುಗಿಸಿದರೆ ಕಿವಿಯ ಸ್ಥಿತಿ ಗೊತ್ತಾಗುವುದಿಲ್ಲ. ಹಾಡಿದ ಮೇಲೆ ನಾನೇ ಅಳೆದುಕೊಂಡರೆ, ಮೊದಲಿನ ಹಾಗೆ ವಾದ ಹೂಡಿ ನನ್ನನ್ನೇ ಒಪ್ಪಿಸಿಬಿಡುತ್ತೇನೆ. ಪ್ರತಿ ಭಾನುವಾರ ನಿನಗೊಬ್ಬಳಿಗೇ ಕಳಿಸುತ್ತೇನೆ. ಕೇಳಿ, ಇದ್ದದ್ದು ಹೇಳು. ಅವಳು ಒಪ್ಪಿದಳು. ನೀನೂ ಮತ್ತೆ ಹಾಡು ಎಂದೆ.

“ಇಲ್ರಿ,” ಎಂದಳು, ತೀರಾ ಸಮಾಧಾನವಾಗಿ. “ಬಾಯಿ ತೆಗದ್ರ ಆ ಇಪ್ಪತ್ತೆರಡು ನೆನಪಾಗ್ತೈತಿ. ದನಿ ಅಲ್ಲೇ ನಿಂತಬಿಡ್ತೈತಿ. ಕೇಳೂದು ಕೇಳ್ತೀನಿ ಬಿಡ್ರಿ.”

ವಾಪಸು ಬರುವಾಗ ಬಸ್ಸಿನಲ್ಲಿ ಎಣಿಸಿದೆ. ಹೋದದ್ದು ಒಂದು ಕಂಠ, ಒಂದು ಕಿವಿ. ಎರಡಕ್ಕೂ ಕಾರಣ ನಾನೇ: ಒಂದಕ್ಕೆ ಅಳೆದದ್ದು, ಇನ್ನೊಂದಕ್ಕೆ ಅಳೆಯದೆ ಬಿಟ್ಟದ್ದು.

ತಂಬೂರಿಯನ್ನು ಎಡಕ್ಕೆ ಒರಗಿಸಿಕೊಳ್ಳಲು ಕಲಿಯುವುದಕ್ಕೆ ಒಂದು ತಿಂಗಳು ಬೇಕಾಯಿತು. ಪ್ರತಿ ಭಾನುವಾರ ಚೇತನಾಗೆ ಕಳಿಸುತ್ತಿದ್ದೆ. ಅವಳು ಪೂರ್ತಿ ಕೇಳುತ್ತಿದ್ದಳು. ನಾಲ್ಕು ನಿಮಿಷದ್ದಕ್ಕೆ ನಾಲ್ಕು ನಿಮಿಷ ಕಳೆದೇ ಉತ್ತರ ಬರುತ್ತಿತ್ತು: ‘ಕೂಡೇತ್ರಿ.’ ಅದೊಂದೇ ಪದ. ಮೇ, ಜೂನ್, ಜುಲೈ, ಆಗಸ್ಟ್ ಪೂರ್ತಿ ಅದೇ ಪದ. ನನ್ನ ಜೀವನದಲ್ಲಿ ಇನ್ಯಾವ ಮೆಚ್ಚುಗೆಗೂ ನಾನು ಹೀಗೆ ಕಾದಿರಲಿಲ್ಲ.

ಸೆಪ್ಟೆಂಬರ್ ೭, ಭಾನುವಾರ. ಬೆಳಿಗ್ಗೆ ಏಳಕ್ಕೆ ಶ್ರುತಿ ಮಾಡಿದೆ. ಅಲೆ ಬೇಗ ನಿಂತಿತು. ಎಂದಿಗಿಂತ ಬೇಗ. ಲಾರಿಗಳ ಸದ್ದೂ ಅವತ್ತು ಕಡಿಮೆ ಇತ್ತು. ಕಳಿಸಿದೆ. ಅವಳು ತೆರೆದಳೆಂಬ ನೀಲಿ ಗೆರೆ ಬಿತ್ತು. ನಾಲ್ಕು ನಿಮಿಷ ಕಳೆಯಿತು. ಎಂಟು ನಿಮಿಷ ಕಳೆಯಿತು. ಅವಳು ಬರೆಯುತ್ತಿದ್ದಾಳೆ ಎಂದು ಕಂಡಿತು, ನಿಂತಿತು, ಮತ್ತೆ ಕಂಡಿತು. ಮತ್ತೆ ಅಳಿಸುತ್ತಿದ್ದಾಳೆಯೇ ಎಂದುಕೊಂಡೆ.

‘ಸರ್, ಜೋಡಿ ಕೂಡಿಲ್ರಿ. ಎರಡು ಸಲ ಕೇಳಿದ್ನಿ. ಇವತ್ತ ಹೋಗ್ರಿ.’

ಸೀತಾ ಬಾಗಿಲಲ್ಲಿ ನಿಂತು ಏನೋ ಹೇಳುತ್ತಿದ್ದಳು. ತಿಂಡಿಗೋ, ಇನ್ನಾವುದಕ್ಕೋ. ಅವಳ ತುಟಿ ನೋಡಿದೆ. ಆಮೇಲೆ ಆ್ಯಪು ತೆರೆದು, ಚೇತನಾಳ ಕಿವಿಯೇ ತಪ್ಪಿರಲಿ ಎಂದುಕೊಳ್ಳುತ್ತ, ಎರಡೂ ತಂತಿಗಳನ್ನು ಒಂದೊಂದಾಗಿ ಮೀಟಿ ಅಳೆದೆ. ಅಂತರ ಹತ್ತೊಂಬತ್ತು ಸೆಂಟ್.